‘ಪೂರ್ತಿ ಫಾರ್ಮ್ಯಾಟ್ ಮಾಡ್ಬೇಕು’ ಅಂದರೆ ತಲೆ ಆಡಿಸಬೇಡಿ

ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇದೆ, ಪಕ್ಕದಲ್ಲೇ ಉಬುಂಟು ಲಿನಕ್ಸೂ ಇದೆ. ಎರಡರಲ್ಲಿ ಒಂದು ಬೇಡ. ಹುಣಸೂರು, ನಂಜನಗೂಡು ಕಡೆಯ ಹುಡುಗ ಹುಡುಗಿಯರು ಅದನ್ನು ಹೊತ್ತು ಬಸ್ಸಿನಲ್ಲಿ ಮೈಸೂರಿಗೆ ಬಂದರೆ, ಅಂಗಡಿಯಲ್ಲಿ ಬಹಳ ಸಲ ಸಿಗುವ ಉತ್ತರ ಒಂದೇ: ‘ಪೂರ್ತಿ ಫಾರ್ಮ್ಯಾಟ್ ಮಾಡ್ಬೇಕು, ಸಂಜೆ ಬನ್ನಿ.’

ಯಾಕೆ ಪೂರ್ತಿ? ವಠಾರದಲ್ಲಿ ಒಬ್ಬ ಬಾಡಿಗೆದಾರನನ್ನು ಬಿಡಿಸಲು ಇಡೀ ವಠಾರ ಕೆಡವುತ್ತಾರೆಯೇ? ಡಿಸ್ಕಿನಲ್ಲಿ ಪ್ರತಿ ಆಪರೇಟಿಂಗ್ ಸಿಸ್ಟಮ್‌ಗೂ ಬೇರೆ ಬೇರೆ ಪಾರ್ಟಿಷನ್ ಇರುತ್ತದೆ. ಬೇಡದ್ದನ್ನು ಮಾತ್ರ ತೆಗೆಯಬಹುದು. ಫಾರ್ಮ್ಯಾಟ್ ಮಾಡುವವರಿಗೆ ಅದು ಸುಲಭದ ಕೆಲಸ, ಕಳೆದುಕೊಳ್ಳುವವರು ನಾವು. ಪಹಣಿಯನ್ನು ಮತ್ತೆ ಇಳಿಸಿಕೊಳ್ಳಬಹುದು. ತೀರಿಹೋದ ಅಜ್ಜಿಯ ಫೋಟೋವನ್ನು, ಸ್ತ್ರೀಶಕ್ತಿ ಸಂಘದ ಐದು ವರ್ಷದ ಲೆಕ್ಕವನ್ನು ಎಲ್ಲಿಂದ ತರುತ್ತೀರಿ?

ಕೆಲಸ ಕೆಡುವುದು ಕ್ರಮ ತಪ್ಪಿದಾಗ. ಕಂಪ್ಯೂಟರ್ ಹಾಕಿದ ಕೂಡಲೇ ‘ಯಾವುದು ಬೇಕು’ ಎಂದು ಕೇಳುವ ಪಟ್ಟಿಯ ಹೆಸರು ಗ್ರಬ್. ಅದು ಲಿನಕ್ಸಿನ ಜೊತೆ ಬಂದದ್ದು. ಲಿನಕ್ಸ್ ಪಾರ್ಟಿಷನ್ನನ್ನು ಮೊದಲೇ ಅಳಿಸಿದರೆ ಗ್ರಬ್‌ಗೆ ತನ್ನ ಫೈಲುಗಳು ಸಿಗದೆ, ಕಪ್ಪು ಪರದೆಯಲ್ಲಿ ‘ಗ್ರಬ್ ರೆಸ್ಕ್ಯೂ’ ಎಂದು ನಿಂತುಬಿಡುತ್ತದೆ. ಆಗ ‘ಡಿಸ್ಕೇ ಹೋಗಿದೆ’ ಅಂದರೆ ನಂಬಬೇಡಿ. ವಿಂಡೋಸೂ ನಿಮ್ಮ ಫೈಲುಗಳೂ ಅಲ್ಲೇ ಇರುತ್ತವೆ, ದಾರಿ ಮಾತ್ರ ತಪ್ಪಿದೆ.

ಲಿನಕ್ಸ್ ತೆಗೆಯುವ ಸರಿಯಾದ ಕ್ರಮ ಹೀಗೆ. ಮೊದಲು ಬೇಕಾದ ಫೈಲುಗಳನ್ನೆಲ್ಲ ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ. ನಂತರ ಬಯೋಸ್ ಸೆಟ್ಟಿಂಗ್‌ನಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಅನ್ನು ಮೊದಲ ಸ್ಥಾನಕ್ಕೆ ತನ್ನಿ. ತುಂಬಾ ಹಳೆಯ ಯಂತ್ರವಾದರೆ ವಿಂಡೋಸ್ ರಿಪೇರಿ ಡಿಸ್ಕಿನಿಂದ ಬೂಟ್ ದಾಖಲೆ ಸರಿಮಾಡಿಸಿ. ಗ್ರಬ್ ಬಾರದೆ ವಿಂಡೋಸ್ ತಾನೇ ಶುರುವಾಯಿತೇ? ಆಮೇಲೆ ಮಾತ್ರ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಲಿನಕ್ಸ್ ಪಾರ್ಟಿಷನ್ ಅಳಿಸಿ. ‘ಇಎಫ್‌ಐ’, ‘ರಿಕವರಿ’ ಎಂದಿರುವ ಸಣ್ಣ ಪಾರ್ಟಿಷನ್‌ಗಳನ್ನು ಮುಟ್ಟಲೇಬೇಡಿ.

ಇನ್ನೊಂದು ಪ್ರಶ್ನೆ: ಬೇಡದ್ದು ಯಾವುದು ಎಂದು ತೀರ್ಮಾನಿಸಿದವರು ಯಾರು? ಲಿನಕ್ಸ್ ಕಂಡ ಕೂಡಲೇ ‘ಇದು ಕೆಲಸಕ್ಕೆ ಬರಲ್ಲ’ ಅನ್ನುವುದು ಚಾಳಿಯಾಗಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಅನೇಕ ಹಳೆಯ ಯಂತ್ರಗಳಲ್ಲಿ ಅದಿಲ್ಲ. ಅಂಥ ಯಂತ್ರದಲ್ಲಿ ಕಳ್ಳ ವಿಂಡೋಸ್ ಹಾಕಿಸಿಕೊಳ್ಳುವುದಕ್ಕಿಂತ, ಕಾಸು ಕೇಳದ, ಅಪ್‌ಡೇಟ್ ಸಿಗುತ್ತಿರುವ ಲಿನಕ್ಸನ್ನೇ ಉಳಿಸಿಕೊಳ್ಳುವುದು ಜಾಣತನ. ಗಡಿಯಾಚೆ ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ಕೇರಳದ ಕೈಟ್ ಸಂಸ್ಥೆ ಕೊಟ್ಟ ಲಿನಕ್ಸಿನಲ್ಲೇ ಕಂಪ್ಯೂಟರ್ ಕಲಿಯುತ್ತಾರೆ. ಅವರಿಗೆ ಆಗುವುದು ನಮ್ಮ ಮಕ್ಕಳಿಗೆ ಆಗದೇ?

ಅಂಗಡಿಯವರೆಲ್ಲ ಮೋಸಗಾರರಲ್ಲ. ತಾಳ್ಮೆಯಿಂದ ಕೆಲಸ ಮಾಡಿಕೊಡುವವರೂ ಇದ್ದಾರೆ. ಅವರನ್ನು ಗುರುತಿಸಲು ಲ್ಯಾಪ್‌ಟಾಪ್ ಕೈಗೆ ಕೊಡುವ ಮೊದಲು ಮೂರು ಮಾತು ಕೇಳಿ. ನನ್ನ ಫೈಲುಗಳನ್ನು ಮೊದಲು ಕಾಪಿ ಮಾಡುತ್ತೀರಾ? ಬೇಡದ ಪಾರ್ಟಿಷನ್ ಮಾತ್ರ ಅಳಿಸುತ್ತೀರಾ? ನನ್ನ ಕಣ್ಣೆದುರೇ ಮಾಡುತ್ತೀರಾ? ಒಂದಕ್ಕೆ ‘ಇಲ್ಲ’ ಅಂದರೂ ಲ್ಯಾಪ್‌ಟಾಪ್ ವಾಪಸ್ ಬ್ಯಾಗಿಗೆ ಹಾಕಿ, ಪಕ್ಕದ ಅಂಗಡಿಗೆ ನಡೆಯಿರಿ.