ತಾಲೂಕಿನ ಸುದ್ದಿಗೆ ನ್ಯಾಯ ಕೊಡಿ: ನಾಲ್ಕು ತಾಲೂಕುಗಳ ಪತ್ರಿಕಾ ಓದುಗರ ಮನವಿ

ದಿನಾಂಕ: 1-7-2025
ಸ್ಥಳ: ಶಿಗ್ಗಾವಿ

ಗೆ,
ಮಾನ್ಯ ಅಧ್ಯಕ್ಷರು,
ಕರ್ನಾಟಕ ಮಾಧ್ಯಮ ಅಕಾಡೆಮಿ, ಬೆಂಗಳೂರು

ಮುಖಾಂತರ: ಮಾನ್ಯ ಜಿಲ್ಲಾಧಿಕಾರಿಗಳು, ಹಾವೇರಿ

ಇಂದ: ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ದಿನಪತ್ರಿಕೆ ಓದುಗರು

ವಿಷಯ: ತಾಲೂಕು ಮಟ್ಟದ ಸುದ್ದಿಯಲ್ಲಿನ ಪಕ್ಷಪಾತ, ಸ್ಥಳೀಯ ಪತ್ರಿಕೆಗಳ ಸದ್ಯದ ಸ್ಥಿತಿ ಹಾಗೂ ಓದುಗರ ಬೇಡಿಕೆಗಳ ಕುರಿತು.

ಮಾನ್ಯರೇ,

ನಾವು ಹಾವೇರಿ ಜಿಲ್ಲೆಯ ನಾಲ್ಕು ತಾಲೂಕುಗಳ ಓದುಗರು. ರೈತರು, ಶಿಕ್ಷಕರು, ನಿವೃತ್ತ ನೌಕರರು, ಅಂಗಡಿಕಾರರು, ಕಾಲೇಜು ವಿದ್ಯಾರ್ಥಿಗಳು ನಮ್ಮಲ್ಲಿದ್ದಾರೆ. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರು ಸಮಾಚಾರ’ ಹೊರತಂದ ನೆನಪಿಗೆ ಇಂದು ನಾಡಿನಾದ್ಯಂತ ಪತ್ರಿಕಾ ದಿನಾಚರಣೆ ನಡೆಯುತ್ತದೆ. ಪತ್ರಕರ್ತರಿಗೆ ಸನ್ಮಾನವಾಗುತ್ತದೆ, ಜನಪ್ರತಿನಿಧಿಗಳ ಭಾಷಣವಾಗುತ್ತದೆ. ರೊಕ್ಕ ಕೊಟ್ಟು ಪೇಪರ್ ಕೊಳ್ಳುವವರ ಮಾತು ಕೇಳುವ ವೇದಿಕೆ ಮಾತ್ರ ಎಲ್ಲಿಯೂ ಇಲ್ಲ. ಆದ್ದರಿಂದ ಈ ದಿನವೇ ಈ ಮನವಿಯನ್ನು ಸಲ್ಲಿಸುತ್ತಿದ್ದೇವೆ.

ಇದು ಯಾವುದೇ ಒಂದು ಪತ್ರಿಕೆಯ ಅಥವಾ ಪಕ್ಷದ ವಿರುದ್ಧದ ದೂರಲ್ಲ. ‘ಆ ಪೇಪರ್ ಅವರ ಕಡೆ, ಈ ಚಾನೆಲ್ ಇವರ ಕಡೆ’ ಎಂಬ ಚರ್ಚೆ ನಮ್ಮೂರ ಕಟ್ಟೆಗಳ ಮೇಲೂ ದಿನಾ ನಡೆಯುತ್ತದೆ. ಆ ವಿಷಯದಲ್ಲಿ ನಮ್ಮೊಳಗೇ ಒಮ್ಮತವಿಲ್ಲ. ನಾವೆಲ್ಲರೂ ಒಪ್ಪಿರುವ ಸಂಗತಿ ಬೇರೆ. ತಾಲೂಕಿನ ಸುದ್ದಿ ಬರೆಯುವವನಿಗೆ ಜೀವನ ಸಾಗುವಷ್ಟು ಸಂಬಳವಿಲ್ಲ. ನಮ್ಮ ಭಾಗದ ಸುದ್ದಿ ವಾಲುವುದು ಅಲ್ಲಿಂದಲೇ.

2024ರ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಇಲ್ಲಿ ನಡೆದದ್ದನ್ನು ತಮ್ಮ ಗಮನಕ್ಕೆ ತರಬಯಸುತ್ತೇವೆ. ರೈತರ ಜಮೀನು ವಕ್ಫ್ ಆಸ್ತಿಯೆಂದು ಕೊಟ್ಟ ನೋಟಿಸ್‌ಗಳ ವಿವಾದ ವಿಜಯಪುರ ಜಿಲ್ಲೆಯಿಂದ ಹೊರಟು ರಾಜ್ಯದ ತುಂಬ ಹಬ್ಬಿತ್ತು. ಇತ್ತ ಶಿಗ್ಗಾವಿ ಕ್ಷೇತ್ರದಲ್ಲಿ ಉಪಚುನಾವಣೆ, ನವೆಂಬರ್ 13ಕ್ಕೆ ಮತದಾನ. ಅಕ್ಟೋಬರ್ 30ರ ರಾತ್ರಿ ಸವಣೂರು ತಾಲೂಕಿನ ಕಡಕೋಳದಲ್ಲಿ, ಊರಿನ ಆಸ್ತಿಗಳು ವಕ್ಫ್ ಹೆಸರಿಗೆ ಹೋಗುತ್ತವೆ ಎಂಬ ಮಾತು ಹಬ್ಬಿ ಮುಸ್ಲಿಮರ ಮನೆಗಳ ಮೇಲೆ ಕಲ್ಲು ಬಿದ್ದವು. ಜನ ಗಾಯಗೊಂಡರು, ಹಲವರನ್ನು ಪೊಲೀಸರು ವಶಕ್ಕೆ ಪಡೆದರು. ಆ ವಾರ ನಮಗೆ ಬೇಕಿದ್ದ ಸುದ್ದಿ ತೀರಾ ಸಾದಾ ಸುದ್ದಿ. ಪಹಣಿಯ 11ನೇ ಕಾಲಂನಲ್ಲಿ ಏನು ನಮೂದಾಗಿದೆ, ಅದನ್ನು ನೋಡುವುದು ಹೇಗೆ, ತಪ್ಪಿದ್ದರೆ ತಹಶೀಲ್ದಾರರ ಬಳಿ ಹೋಗಬೇಕೋ ಸವಣೂರಿನ ಉಪವಿಭಾಗಾಧಿಕಾರಿಗಳ ಬಳಿಗೋ, ಯಾವ ಊರಿನ ಯಾವ ಸರ್ವೆ ನಂಬರಿಗೆ ನಿಜವಾಗಿಯೂ ನೋಟಿಸ್ ಬಂದಿದೆ. ಇಷ್ಟನ್ನು ಊರೂರಿಗೆ ಹೋಗಿ ವಿಚಾರಿಸಿ ಬರೆದಿದ್ದರೆ ಹೆದರಿದ ರೈತನಿಗೂ ಹೆದರಿದ ಅವನ ನೆರೆಯವನಿಗೂ ಒಂದು ಆಧಾರ ಸಿಗುತ್ತಿತ್ತು. ನಮ್ಮ ಪಾಲಿಗೆ ಬಂದದ್ದು ಬಹುಮಟ್ಟಿಗೆ ನಾಯಕರ ಹೇಳಿಕೆ, ಅದಕ್ಕೊಂದು ಪ್ರತಿಹೇಳಿಕೆ.

ಮುಂದಿನ ವಾರವೇ ಇನ್ನೊಂದು ಪ್ರಕರಣ. ಜಮೀನು ವಕ್ಫ್ ಪಾಲಾಯಿತೆಂದು ಹಾನಗಲ್ ತಾಲೂಕಿನ ರೈತರೊಬ್ಬರು ಆತ್ಮಹತ್ಯೆ ಮಾಡಿಕೊಂಡರು ಎಂದು ಕೆಲವು ಸುದ್ದಿ ಜಾಲತಾಣಗಳು ಪ್ರಕಟಿಸಿದವು. ಬೆಂಗಳೂರಿನ ಸಂಸದರೊಬ್ಬರು ಅದನ್ನು ಹಂಚಿಕೊಂಡರು. ಸುದ್ದಿ ದೇಶದ ತುಂಬ ಓಡಾಡಿತು. ಆ ರೈತ ತೀರಿಕೊಂಡದ್ದು 2022ರ ಜನವರಿಯಲ್ಲಿ, ಸಾಲ ಮತ್ತು ಬೆಳೆಹಾನಿಯ ಕಾರಣಕ್ಕೆ ಎಂದು ಜಿಲ್ಲಾ ಪೊಲೀಸರು ಸ್ಪಷ್ಟನೆ ಕೊಡಬೇಕಾಯಿತು. ಈ ಸಂಬಂಧ ಸಂಸದರ ಮೇಲೆ ದಾಖಲಾಗಿದ್ದ ಎಫ್‌ಐಆರ್ ಅನ್ನು ಹೈಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದುಪಡಿಸಿದೆ. ಯಾರಿಗೋ ಶಿಕ್ಷೆಯಾಗಲಿ ಎಂಬುದು ನಮ್ಮ ಬೇಡಿಕೆಯೂ ಅಲ್ಲ. ಸಂಬಂಧಪಟ್ಟ ಠಾಣೆಗೆ ಒಂದು ಫೋನ್ ಮಾಡಿ ಸಾವಿನ ದಿನಾಂಕ ಕೇಳಿದ್ದರೂ ಸಾಕಿತ್ತು. ಎರಡು ವರ್ಷ ದಾಟಿದ ಸಾವನ್ನು ನಿನ್ನೆಯ ಸಾವಿನಂತೆ ಓದಿದ ಆ ಮನೆಯವರ ಸಂಕಟವನ್ನು ಯಾವ ಜಾಲತಾಣ ಲೆಕ್ಕಕ್ಕೆ ಹಿಡಿಯಿತು?

2024ರ ಜನವರಿಯಲ್ಲಿ ಹಾನಗಲ್ ತಾಲೂಕಿನಲ್ಲಿ ಮಹಿಳೆಯೊಬ್ಬರ ಮೇಲೆ ಗುಂಪೊಂದು ನಡೆಸಿದ ದೌರ್ಜನ್ಯದ ವೇಳೆಯೂ ಹೀಗೇ ಆಯಿತು. ದಾಳಿಕೋರರೇ ತೆಗೆದ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಸಂತ್ರಸ್ತೆಯ ಗುರುತು ಬಯಲು ಮಾಡುವುದು ಅಪರಾಧವೆಂದು ಕಾನೂನು ಹೇಳುತ್ತದೆ. ಕೈಯಲ್ಲಿ ಮೈಕ್ ಹಿಡಿದ ಎಲ್ಲರಿಗೂ ಅದನ್ನು ತಿಳಿಸಿ ಹೇಳಿದವರು ಯಾರು?

ನಮ್ಮ ನಾಲ್ಕು ತಾಲೂಕುಗಳು ಐದು ವರ್ಷಗಳಲ್ಲಿ ಮೂರು ಉಪಚುನಾವಣೆ ಕಂಡಿವೆ: 2019ರ ಡಿಸೆಂಬರ್ 5ಕ್ಕೆ ಹಿರೇಕೆರೂರು, 2021ರ ಅಕ್ಟೋಬರ್ 30ಕ್ಕೆ ಹಾನಗಲ್, 2024ರಲ್ಲಿ ಸವಣೂರು ಭಾಗವೂ ಸೇರಿದ ಶಿಗ್ಗಾವಿ. ಆ ದಿನಗಳಲ್ಲಿ ಬೆಂಗಳೂರು, ಹುಬ್ಬಳ್ಳಿಗಳ ವರದಿಗಾರರು, ಕ್ಯಾಮೆರಾಗಳು ಇಲ್ಲಿಯೇ ಬೀಡುಬಿಡುತ್ತವೆ. ಯಾವ ಜಾತಿಯ ಮತ ಎಷ್ಟು, ಯಾವ ಮಠದ ಒಲವು ಯಾರ ಕಡೆ ಎಂಬ ಲೆಕ್ಕವನ್ನು ನಾವು ಪುಟಗಟ್ಟಲೆ ಓದುತ್ತೇವೆ. ಅಭ್ಯರ್ಥಿಯ ಗುಣಗಾನದ ಲೇಖನ ಬರೆದವರ ಹೆಸರಿಲ್ಲದೆ ಬೇರೆ ಬೇರೆ ಪತ್ರಿಕೆಗಳಲ್ಲಿ ಒಂದೇ ಪದಜೋಡಣೆಯಲ್ಲಿ ಬರುತ್ತದೆ. ಕಾಸಿಗಾಗಿ ಸುದ್ದಿಯ ಪಿಡುಗಿನ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿ 2010ರಲ್ಲೇ ವರದಿ ಸಿದ್ಧಪಡಿಸಿತ್ತು. ಚುನಾವಣೆ ಬಂದಾಗ ಜಿಲ್ಲಾ ಮಟ್ಟದಲ್ಲಿ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿಯೂ ರಚನೆಯಾಗುತ್ತದೆ. ಅಲ್ಲಿಗೆ ಓದುಗನೂ ದೂರು ಕೊಡಬಹುದೆಂಬುದು ಹಳ್ಳಿಯವರಿಗೆ ತಿಳಿದೇ ಇಲ್ಲ. ಫಲಿತಾಂಶ ಬಂದ ಮರುದಿನ ಕ್ಯಾಮೆರಾಗಳು ಹೊರಡುತ್ತವೆ. ಶಿಗ್ಗಾವಿ ಏತ ನೀರಾವರಿಯ ನೀರು ಎಷ್ಟು ಕೆರೆ ಮುಟ್ಟಿತು, ಬಾಳಂಬೀಡ ಯೋಜನೆಯ ಕೆಲಸ ಎಲ್ಲಿಗೆ ಬಂತು, ವರದಾ ನದಿ ಉಕ್ಕಿದ ವರ್ಷ ಮನೆ ಕಳೆದುಕೊಂಡವರಿಗೆ ಪರಿಹಾರದ ಎಷ್ಟನೇ ಕಂತು ಬಂದಿದೆ ಎಂದು ಕೇಳುವವರು ಆಮೇಲೆ ಯಾರೂ ಇರುವುದಿಲ್ಲ.

ಸಾಮಾನ್ಯ ದಿನದ ಜಿಲ್ಲಾ ಪುಟವನ್ನು ತಾವು ಒಮ್ಮೆ ಬಿಡಿಸಿ ನೋಡಬೇಕು. ಮೇಲ್ಭಾಗದಲ್ಲಿ ಭೂಮಿಪೂಜೆಯ ಫೋಟೊ. ಗುದ್ದಲಿ ಹಿಡಿದ ಒಂದು ಕೈ, ಹಿಂದೆ ಸಾಲಾಗಿ ನಿಂತ ಮುಖಗಳು, ಕೆಳಗೆ ಅಷ್ಟೂ ಜನರ ಹೆಸರು. ಕಾಮಗಾರಿ ಎಷ್ಟು ಮೊತ್ತದ್ದು, ಗುತ್ತಿಗೆದಾರ ಯಾರು, ಎಂದು ಮುಗಿಯಬೇಕು ಎಂಬುದಿಲ್ಲ. ಪಕ್ಕದಲ್ಲಿ ಸಂಘಟನೆಯೊಂದರ ಪತ್ರಿಕಾ ಪ್ರಕಟಣೆ. ಅದೇ ಪ್ರಕಟಣೆ ಇನ್ನೆರಡು ಪತ್ರಿಕೆಗಳಲ್ಲೂ ಇರುತ್ತದೆ, ಅದೇ ಸಾಲು, ಅದೇ ಅಕ್ಷರ ತಪ್ಪು. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ಯಾರೂ ಓದಿ ತಿದ್ದಿಲ್ಲ. ಪುಟದ ಕೆಳಗಿನ ಅರ್ಧ ಮುಖಂಡರೊಬ್ಬರ ಹುಟ್ಟುಹಬ್ಬದ ಶುಭಾಶಯ.

ಆ ಶುಭಾಶಯದ ಜಾಹೀರಾತನ್ನು ತಂದುಕೊಟ್ಟವರು ಹೆಚ್ಚಾಗಿ ಅದೇ ತಾಲೂಕಿನ ಅರೆಕಾಲಿಕ ವರದಿಗಾರರೇ. ಅವರಿಗೆ ಸಿಗುವುದು ಅಲ್ಪ ಗೌರವಧನ. ಹಲವರಿಗೆ ಅದೂ ಇಲ್ಲ, ಜಾಹೀರಾತಿನ ಕಮಿಷನ್ನೇ ಗತಿ. ಪುರವಣಿ ಬಂದರೆ ಇಂತಿಷ್ಟು ಜಾಹೀರಾತು ತರಬೇಕೆಂಬ ಗುರಿ ಬೇರೆ. ಬೆಳಿಗ್ಗೆ ಜಾಹೀರಾತಿಗಾಗಿ ಯಾವ ಗುತ್ತಿಗೆದಾರನ ಮನೆ ಬಾಗಿಲಿಗೆ ಹೋಗಬೇಕೋ, ಅವನು ಹಾಕಿದ ರಸ್ತೆ ಕಿತ್ತುಹೋದುದನ್ನು ಸಂಜೆ ಬರೆಯುವುದಾದರೂ ಹೇಗೆ? ಆ ವರದಿಗಾರರ ಮೇಲೆ ನಮಗೆ ಸಿಟ್ಟಿಲ್ಲ. ಅವರು ನಮ್ಮ ಊರವರು, ನಮ್ಮ ಮಕ್ಕಳ ಸಹಪಾಠಿಗಳು. ಅಂಗಡಿಯನ್ನೋ ಹೊಲವನ್ನೋ ನೋಡಿಕೊಂಡು, ಸ್ವಂತ ಬೈಕಿಗೆ ಸ್ವಂತ ಕಾಸಿನ ಪೆಟ್ರೋಲ್ ಹಾಕಿಸಿಕೊಂಡು ಸುದ್ದಿಗೆ ಓಡಾಡುತ್ತಾರೆ. ಗ್ರಾಮೀಣ ಪತ್ರಕರ್ತರಿಗೆ ಉಚಿತ ಬಸ್ ಪಾಸ್ ಕೊಡುವ ಸರ್ಕಾರದ ಯೋಜನೆ ಒಳ್ಳೆಯದೇ. ಆದರೆ ನೇಮಕಾತಿ ಪತ್ರವೇ ಇಲ್ಲದವರು ಅದರ ಲಾಭ ಪಡೆಯುವುದು ಹೇಗೆ?

ಇದೇ ನೆಲದ ವರದಿಗಾರಿಕೆ ಏನು ಮಾಡಬಲ್ಲದು ಎಂಬುದಕ್ಕೂ ನಮ್ಮಲ್ಲಿ ಸಾಕ್ಷಿಯಿದೆ. 2010ರ ಜುಲೈ 20ರಂದು ಸವಣೂರು ಪುರಸಭೆಯ ಮುಂದೆ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ತಲೆಮಾರುಗಳಿಂದ ಇದ್ದ ಜಾಗ ಬಿಡಿ ಎಂಬ ಒತ್ತಡ ಅವರನ್ನು ಅಲ್ಲಿಗೆ ತಂದು ನಿಲ್ಲಿಸಿತ್ತು. ಅಂದು ವರದಿ, ಚಿತ್ರಗಳು ಹೊರಗೆ ಹೋದದ್ದರಿಂದ ಮಲ ಹೊರುವ ಪದ್ಧತಿ ಇನ್ನೂ ಇದೆ ಎಂಬುದು ರಾಜಧಾನಿಗೆ ಕಾಣಿಸಿತು. ಇದೇ ಜಿಲ್ಲೆಯ ಕುರುಬಗೊಂಡದಲ್ಲಿ ಹುಟ್ಟಿದ ಪಾಟೀಲ ಪುಟ್ಟಪ್ಪನವರು 1954ರಲ್ಲಿ ‘ಪ್ರಪಂಚ’ ವಾರಪತ್ರಿಕೆ ಆರಂಭಿಸಿ, ಅಧಿಕಾರದಲ್ಲಿದ್ದವರನ್ನು ಹೆಸರು ಹಿಡಿದು ಪ್ರಶ್ನಿಸಿದರು. ಹಾಗೆ ಪ್ರಶ್ನಿಸುವ ಎದೆಗಾರಿಕೆಯ ಹುಡುಗ ಹುಡುಗಿಯರು ಈಗಲೂ ಇಲ್ಲಿದ್ದಾರೆ. ಅವರಿಗೆ ಒಂದು ವರ್ಷ ನಿಶ್ಚಿಂತೆಯಿಂದ ಕೆಲಸ ಮಾಡುವ ಅವಕಾಶ ಬೇಕು.

ಆದ್ದರಿಂದ ನಮ್ಮ ಮೊದಲ ಮತ್ತು ಮುಖ್ಯ ಬೇಡಿಕೆ: ಸರ್ಕಾರಿ ಜಾಹೀರಾತು ಪಡೆಯುವ ಪ್ರತಿ ಪತ್ರಿಕೆಯೂ ತನ್ನ ತಾಲೂಕು ವರದಿಗಾರರಿಗೆ ಲಿಖಿತ ನೇಮಕಾತಿ ಪತ್ರ ಕೊಡಬೇಕು, ನಿಗದಿತ ಮಾಸಿಕ ವೇತನವನ್ನು ಬ್ಯಾಂಕ್ ಖಾತೆಗೆ ಹಾಕಬೇಕು, ಜಾಹೀರಾತು ತರುವ ಹೊಣೆಯಿಂದ ಅವರನ್ನು ಬಿಡಿಸಬೇಕು. ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಮಾಧ್ಯಮ ಪಟ್ಟಿಯಲ್ಲಿ ಉಳಿಯಲು ಇದನ್ನು ಷರತ್ತಾಗಿಸುವಂತೆ ಅಕಾಡೆಮಿ ಸರ್ಕಾರಕ್ಕೆ ಶಿಫಾರಸು ಮಾಡಬೇಕು. ಇದು ಸಣ್ಣ ಪತ್ರಿಕೆಗಳಿಗೆ ಭಾರವೆಂಬುದು ನಮಗೆ ಗೊತ್ತು. ಸರ್ಕಾರಿ ಜಾಹೀರಾತಿನ ಬಿಲ್ ತಡವಾಗಿ ಬರುತ್ತದೆ ಎಂಬುದು ಜಿಲ್ಲಾ ಪತ್ರಿಕೆಗಳ ಸಂಪಾದಕರ ಹಳೆಯ ದೂರು. ಬಿಲ್ ಪಾವತಿಗೆ ಕಾಲಮಿತಿ ಹಾಕಬೇಕು. ಷರತ್ತು ಪಾಲಿಸಿದ ಜಿಲ್ಲಾ ಪತ್ರಿಕೆಗಳಿಗೆ ಜಾಹೀರಾತಿನಲ್ಲಿ ಆದ್ಯತೆಯನ್ನೂ ಕೊಡಬೇಕು. ಯಾರನ್ನೋ ಟೀಕಿಸಿದರು ಎಂಬ ಕಾರಣಕ್ಕೆ ಜಾಹೀರಾತು ನಿಲ್ಲಿಸುವ ಅಧಿಕಾರ ಯಾವ ಅಧಿಕಾರಿಗೂ, ಯಾವ ಶಾಸಕರಿಗೂ ಇರಕೂಡದು.

ಎರಡನೆಯದಾಗಿ, ತಾಲೂಕಿನಿಂದ ಒಬ್ಬರಂತೆ ನಮ್ಮ ನಾಲ್ಕೂ ತಾಲೂಕುಗಳ ಯುವ ವರದಿಗಾರರಿಗೆ ಅಕಾಡೆಮಿಯೇ ಒಂದು ವರ್ಷದ ಫೆಲೋಶಿಪ್ ಕೊಡಬೇಕು. ಅದರಲ್ಲಿ ಕನಿಷ್ಠ ಇಬ್ಬರು ಮಹಿಳೆಯರಿರಬೇಕು. ಪಹಣಿ ಓದುವುದು, ಮಾಹಿತಿ ಹಕ್ಕಿನ ಅರ್ಜಿ ಹಾಕುವುದು, ಬೆಳೆ ವಿಮೆಯಲ್ಲಿ ಪಂಚಾಯಿತಿವಾರು ಇಳುವರಿ ಲೆಕ್ಕ ತೆಗೆಯುವ ಕ್ರಮ, ಕೋಮು ಗಲಭೆಯ ಮತ್ತು ಲೈಂಗಿಕ ದೌರ್ಜನ್ಯದ ವರದಿಗೆ ಇರುವ ನಿಯಮ: ಇವುಗಳ ತರಬೇತಿ ಹಾವೇರಿಯಲ್ಲೇ ನಡೆಯಬೇಕು. ಬೆಂಗಳೂರಿನ ಎರಡು ದಿನದ ಕಾರ್ಯಾಗಾರಕ್ಕೆ ಅಂಗಡಿ ಮುಚ್ಚಿ ಹೋಗಲು ಇವರಿಗೆ ಆಗುವುದಿಲ್ಲ. ಯೂಟ್ಯೂಬ್ ಸುದ್ದಿ ವಾಹಿನಿ ನಡೆಸುವವರನ್ನೂ ಇದರಿಂದ ಹೊರಗಿಡಬೇಡಿ.

ಮೂರನೆಯದು ತಿದ್ದುಪಡಿಯ ವಿಷಯ. ಮುಖಪುಟದಲ್ಲಿ ನಾಲ್ಕು ಕಾಲಂ ಬಂದ ತಪ್ಪು ಸುದ್ದಿಗೆ ಒಳಪುಟದ ಮೂಲೆಯಲ್ಲಿ ಎರಡು ಸಾಲಿನ ವಿಷಾದ ಸಾಲದು. ತಪ್ಪು ಬಂದ ಪುಟದಲ್ಲೇ, ಕಣ್ಣಿಗೆ ಬೀಳುವಂತೆ ತಿದ್ದುಪಡಿ ಬರಬೇಕು.

ದೂರಿನ ದಾರಿಯೂ ಸುಗಮವಾಗಬೇಕು. 1978ರ ಪತ್ರಿಕಾ ಮಂಡಳಿ ಕಾಯ್ದೆಯ ಅಡಿ ತಪ್ಪಿತಸ್ಥ ಪತ್ರಿಕೆಗೆ ಛೀಮಾರಿ ಹಾಕುವ ಅಧಿಕಾರ ಮಂಡಳಿಗಿದೆ. ಆದರೆ ಓದುಗ ಮೊದಲು ಸಂಪಾದಕರಿಗೆ ಬರೆಯಬೇಕು, ದಿನಪತ್ರಿಕೆ, ವಾರಪತ್ರಿಕೆಗಳ ವಿಷಯದಲ್ಲಿ ಎರಡು ತಿಂಗಳೊಳಗೆ ದೆಹಲಿಗೆ ದೂರು ಮುಟ್ಟಿಸಬೇಕು. ಜಾಲತಾಣಗಳಿಗೆ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಿವೆ. ಪ್ರಕಾಶಕರು ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ 15 ದಿನಗಳಲ್ಲಿ ದೂರಿಗೆ ತೀರ್ಮಾನ ತಿಳಿಸಬೇಕು. ಟಿವಿ ವಾಹಿನಿಗಳ ದಾರಿಯೇ ಬೇರೆ. ಹಿರೇಕೆರೂರಿನ ಒಬ್ಬ ರೈತ ಇದನ್ನೆಲ್ಲ ತಿಳಿದು ಇಂಗ್ಲಿಷಿನಲ್ಲಿ ಅರ್ಜಿ ಬರೆದು ಕಳಿಸಬೇಕೆನ್ನುವುದು ದೂರೇ ಕೊಡಬೇಡ ಎಂದಂತೆ. ಕನ್ನಡದಲ್ಲಿ ದೂರು ಪಡೆದು, ಅದನ್ನು ಸರಿಯಾದ ಕಡೆಗೆ ಕಳಿಸಿ, ಏನಾಯಿತೆಂದು ತಿಳಿಸುವ ಓದುಗರ ಸಹಾಯ ಕೇಂದ್ರವೊಂದನ್ನು ಅಕಾಡೆಮಿ ತೆರೆಯಬೇಕು. ಅದು ಸರ್ಕಾರದ ಹಸ್ತಕ್ಷೇಪಕ್ಕೆ ದಾರಿಯಾಗಬಾರದು. ಸುದ್ದಿ ಸುಳ್ಳೋ ನಿಜವೋ ಎಂದು ಇಲಾಖೆ ತೀರ್ಪು ಕೊಡುವುದನ್ನು ನಾವು ಒಪ್ಪುವುದಿಲ್ಲ.

ಹಳ್ಳಿಗಳಲ್ಲಿ ಪೇಪರ್ ಹಾಕುವ ಏಜೆಂಟರು ಒಬ್ಬೊಬ್ಬರೇ ಬಿಟ್ಟುಬಿಡುತ್ತಿದ್ದಾರೆ. ಬಸ್ಸಿಗೆ ಬರುವ ಕಟ್ಟು ಕೆಲವು ಊರಿಗೆ ಮಧ್ಯಾಹ್ನ ಮುಟ್ಟುತ್ತದೆ, ಕೆಲವು ಊರಿಗೆ ಬರುವುದೇ ಇಲ್ಲ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳೇ ಅಲ್ಲಿ ಉಳಿದಿರುವ ಓದುವ ಜಾಗ. ಪ್ರತಿ ಕೇಂದ್ರಕ್ಕೂ ಬೇರೆ ಬೇರೆ ನಿಲುವಿನ ಕನಿಷ್ಠ ನಾಲ್ಕು ಕನ್ನಡ ದಿನಪತ್ರಿಕೆ, ಒಂದು ಜಿಲ್ಲಾ ಪತ್ರಿಕೆ ಬರುವಂತಾಗಬೇಕು, ಆಯ್ಕೆಯನ್ನು ಓದುಗರೇ ಮಾಡಬೇಕು. ಎರಡು ಪತ್ರಿಕೆ ಪಕ್ಕಪಕ್ಕ ಇಟ್ಟು ಒಂದೇ ಸುದ್ದಿ ಓದಿದ ಹುಡುಗನಿಗೆ ಯಾವುದು ಎಲ್ಲಿ ವಾಲಿದೆ ಎಂದು ಬೇರೆಯವರು ಹೇಳಿಕೊಡಬೇಕಿಲ್ಲ.

ಈ ಮನವಿ ತಲುಪಿದ ಮೂವತ್ತು ದಿನಗಳೊಳಗೆ ಲಿಖಿತ ಉತ್ತರ ಕೊಡಬೇಕೆಂದೂ, ಮೂರು ತಿಂಗಳೊಳಗೆ ತಾವು ಖುದ್ದಾಗಿ ಸವಣೂರಿಗೆ ಬಂದು ಓದುಗರು, ತಾಲೂಕು ವರದಿಗಾರರು, ಏಜೆಂಟರು ಮತ್ತು ಸಂಪಾದಕರನ್ನು ಒಂದೇ ಸಭೆಯಲ್ಲಿ ಕೂರಿಸಿ ಅಹವಾಲು ಕೇಳಬೇಕೆಂದೂ ವಿನಂತಿಸುತ್ತೇವೆ. ಸಭೆಯ ನಡಾವಳಿಯನ್ನು ಪ್ರಕಟಿಸಬೇಕು. ಜಾಗ, ಊಟದ ವ್ಯವಸ್ಥೆ ನಮ್ಮದು.

ಇಂತಿ ತಮ್ಮ ವಿಶ್ವಾಸಿಗಳು,
ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಓದುಗರು
(ಸಹಿಗಳನ್ನು ಲಗತ್ತಿಸಿದೆ)

ಪ್ರತಿಗಳು:
ಮಾನ್ಯ ಆಯುಕ್ತರು, ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ, ಬೆಂಗಳೂರು
ಮಾನ್ಯ ಅಧ್ಯಕ್ಷರು, ಭಾರತೀಯ ಪತ್ರಿಕಾ ಮಂಡಳಿ, ನವದೆಹಲಿ