ಮುಚ್ಚಿದ ಶಾಲೆ, ಮರೆತ ಅಕ್ಷರ

ಕೋವಿಡ್ ಮಹಾಮಾರಿಯಿಂದ 2020ರ ಮಾರ್ಚಿನಲ್ಲಿ ಮುಚ್ಚಿದ ನಮ್ಮ ಕಿರಿಯ ತರಗತಿಗಳು ತೆರೆದದ್ದು 2021ರ ನವೆಂಬರ್ 1ರಂದು. ಮುಚ್ಚಿದ್ದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ನಷ್ಟವೆಲ್ಲ ಬಿದ್ದದ್ದು ಬಡ ಮಕ್ಕಳ ತಲೆಗೆ.

ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ. ಕಾಸರಗೋಡಿನ ಇಂತಹ ಮಗುವಿಗೆ ಕನ್ನಡದ ಅಕ್ಷರಕ್ಕೆ ಶಾಲೆಯೊಂದೇ ಆಸರೆ. ಪಾಠ ಮೊಬೈಲಿಗೆ ಬಂತು, ನಿಜ. ಮನೆಗೊಂದೇ ಮೊಬೈಲು, ಅದು ಬೆಳಿಗ್ಗೆಯೇ ತಂದೆಯೊಡನೆ ಕೂಲಿಗೆ ಹೋಗುತ್ತಿತ್ತು. ಬೀಡಿ ಕಟ್ಟುವ ತಾಯಿ ಓದಿಸುವುದೆಂತು?

ಅಂದು ಮೂರನೆಯ ತರಗತಿಯಲ್ಲಿದ್ದವರು ಇಂದು ಹೈಸ್ಕೂಲಿಗೆ ಬಂದಿದ್ದಾರೆ. ಒತ್ತಕ್ಷರ ಬಂದಲ್ಲಿ ತಡವರಿಸಿ ತಲೆ ತಗ್ಗಿಸುತ್ತಾರೆ. ಅವರನ್ನು ದಡ್ಡರೆನ್ನುವುದು ಅನ್ಯಾಯ. ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ನಾವು ಅಧ್ಯಾಪಕರು ಓದಿಸೋಣ. ಹೆತ್ತವರು ಅಷ್ಟು ಹೊತ್ತು ಮಕ್ಕಳನ್ನು ಬಿಟ್ಟುಕೊಡಲಿ. ಕನ್ನಡ ಶಾಲೆ ಉಳಿಯಬೇಕೆನ್ನುವ ನಾವು ಮೊದಲು ಈ ಮಕ್ಕಳನ್ನು ಉಳಿಸಿಕೊಳ್ಳಬೇಕು.