ಪೋತ್ನಾಳ ಯಾಕ ಹೋತ್ನಾಳ ಆಗಲಿಲ್ಲ?

ಮಾನ್ವಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಪೋತ್ನಾಳ ಸಿಗುತ್ತದೆ. ನಮ್ಮಲ್ಲಿ ಕೆಲವರ ಊರು ಆ ಕಡೆಯದೇ. ಹಳಗನ್ನಡದ ಪಾಲು ಹಾಲಾಯ್ತು, ಪಲ್ಲು ಹಲ್ಲಾಯ್ತು, ಪೋತ ಅನ್ನೋ ಗಂಡಾಡು ಹೋತ ಆಯ್ತು. ಪೋತ್ನಾಳ ಮಾತ್ರ ಹಂಗೇ ಉಳಿಯಿತು. (ಊರಿನ ಹೆಸರು ಹೋತದಿಂದಲೇ ಬಂತು ಅಂತ ನಾವು ಹೇಳ್ತಿಲ್ಲ, ಊರವರು ಬಿಡಂಗಿಲ್ಲ!)

ಇದನ್ನು ಹಾಸ್ಟೆಲ್‌ನಲ್ಲಿ ಕೇಳಿದರೆ ಸಿದ್ಧ ಉತ್ತರ ಒಂದೇ: "ಕೇಯಾಸ್ ಥಿಯರಿ ಮಗಾ, ಚಿಟ್ಟೆ ರೆಕ್ಕೆ ಬಡೀತು." ಈ ಉತ್ತರ ನಮಗೆ ಒಪ್ಪಿಗೆಯಿಲ್ಲ. 1961ರಲ್ಲಿ ಎಡ್ವರ್ಡ್ ಲೊರೆಂಜ್ ತನ್ನ ಹವಾಮಾನದ ಲೆಕ್ಕಕ್ಕೆ 0.506127 ಬದಲು 0.506 ಕೊಟ್ಟ. ಸ್ವಲ್ಪ ಹೊತ್ತಿನಲ್ಲೇ ಉತ್ತರ ಬೇರೆ ದಾರಿ ಹಿಡಿಯಿತು. ಅಲ್ಲಿ ಸಮೀಕರಣ ಇತ್ತು, ಅಳತೆ ಇತ್ತು. ಗೊತ್ತಾಗದ್ದಕ್ಕೆಲ್ಲ ಕೇಯಾಸ್ ಅಂತ ಹೆಸರಿಡೋದು ವೈವಾದಲ್ಲಿ ನಾವು ಮಾಡೋ ಕೆಲಸ.

ಹೊಸ ರೂಪವೊಂದು ಭಾಷೆಯಲ್ಲಿ ಹರಡುವುದು ಹೆಚ್ಚಾಗಿ ಎಸ್ ಆಕಾರದ ಗೆರೆಯಲ್ಲಿ: ಮೊದಲು ನಿಧಾನ, ನಡುವೆ ಜೋರು, ಕೊನೆಗೆ ಮತ್ತೆ ನಿಧಾನ. ಇದು ನಾವು ಓದಿದ ಲಾಜಿಸ್ಟಿಕ್ ಸಮೀಕರಣವೇ. ಅದನ್ನೇ ಹೆಜ್ಜೆ ಹೆಜ್ಜೆಯಾಗಿ ಬರೆದು r ಬೆಲೆಯನ್ನು ಸುಮಾರು 3.57 ದಾಟಿಸಿದರೆ ಕೇಯಾಸ್ ಕಾಣುತ್ತದೆ. ಕಡಿಮೆ ಇದ್ದರೆ ಒಂದು ಬಿಂದುವಿಗೆ ಬಂದು ನಿಲ್ಲುತ್ತದೆ, ಇಲ್ಲವೇ ಕೆಲವೇ ಬೆಲೆಗಳ ನಡುವೆ ಸುತ್ತುತ್ತದೆ. ಭಾಷೆಯ r ಎಷ್ಟು? ಅಳೆದವರು ಯಾರು?

ಚಿಟ್ಟೆ ಬಿಡಿ, ನಮ್ಮ ಕಡೆ ಬಂದದ್ದು ಆನೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಬಿಟ್ಟರು. ಎಡದಂಡೆ ಕಾಲುವೆಯ ಜೊತೆಗೆ ಆಂಧ್ರದ ರೈತರು ಬಂದು ಸಿಂಧನೂರು, ಮಾನ್ವಿ ಭಾಗದಲ್ಲಿ ನೆಲೆಸಿದರು. ಇವತ್ತಿಗೂ ಪಾಲು ಅನ್ನೋರು ನಮ್ಮ ಮಗ್ಗುಲಿಗೇ ಬಂದರು. ಊರ ಹೆಸರಿಗೇ 'ಕ್ಯಾಂಪ್' ಅಂಟಿಕೊಂಡಿತು. ಕಾಲುವೆಯ ಗೆರೆ ಎಳೆದ ಇಂಜಿನಿಯರುಗಳು ಇಳಿಜಾರಿನ ಲೆಕ್ಕ ಮಾಡಿರುತ್ತಾರೆ, ಮಾತಿನ ಲೆಕ್ಕ ಮಾಡಿರಲಿಕ್ಕಿಲ್ಲ.

ಹಂಗಾದರೆ ಚಿಟ್ಟೆ ಇಲ್ಲವೇ ಇಲ್ಲವೇ? ಇದ್ದರೆ ನಮ್ಮ ಮೆಸ್ಸಿನಲ್ಲಿದೆ. ಮೊದಲ ಸೆಮಿಸ್ಟರ್‌ನಲ್ಲಿ ನಮ್ಮವನೊಬ್ಬ "ಸಾರು ಖಾರ ಅದ" ಅಂದ. ಟೇಬಲ್ ನಕ್ಕಿತು. ಎಲ್ಲಾ ಸೇರಿ ಎರಡು ಸೆಕೆಂಡಿನ ನಗು. ನಾಲ್ಕನೇ ಸೆಮಿಸ್ಟರ್‌ಗೆ ಅವನು ಅವ್ವನ ಜೊತೆ ಫೋನಿನಲ್ಲೂ 'ಇದೆ' ಅಂತಿದ್ದ. ಈಗ ಅವನ ತಮ್ಮನೂ ಹಂಗೇ ಅಂತಾನೆ.

ಇದೂ ಕೇಯಾಸ್ ಅಲ್ಲ ಅಂತಲೇ ನಮ್ಮ ಅನುಮಾನ. ಕೇಯಾಸ್ ಇದ್ದಿದ್ದರೆ ಪಕ್ಕಪಕ್ಕದ ದಾರಿಗಳು ದೂರ ಸರಿಯಬೇಕಿತ್ತು. ಇಲ್ಲಿ ಅದ, ಐತಿ, ಉಂಟು ಎಲ್ಲವೂ ನಾಲ್ಕು ವರ್ಷದಲ್ಲಿ 'ಇದೆ' ಎಂಬ ಒಂದೇ ಬಿಂದುವಿಗೆ ಬಂದು ಬೀಳುತ್ತಿವೆ. ನಮಗೆ ಹೆದರಿಕೆ ಅದರದು.

ಅಳೆದೇ ನೋಡೋಣ. ಈ ವರ್ಷ ಸೇರಿದ ಜೂನಿಯರ್‌ಗಳು, ಒಪ್ಪಿದವರು ಮಾತ್ರ, ಊಟದ ಬಗ್ಗೆ ಎರಡು ನಿಮಿಷ ಮಾತಾಡಿ ರೆಕಾರ್ಡ್ ಮಾಡಿಕೊಡಲಿ. ಪ್ರತಿ ಸೆಮಿಸ್ಟರ್ ಮತ್ತೊಮ್ಮೆ. ಗ್ರಾಫ್ ಹಾಕುವ ಕೆಲಸ ನಮ್ಮದು. ಮೆಸ್ಸಿನ ಸಾರಿನ ಬಗ್ಗೆ ಮಾತಂತೂ ಕಡಿಮೆ ಬೀಳಂಗಿಲ್ಲ.